ಷರಾ

ಡಾಕ್ಟರ್ ನಸೀಮಾ ಹೇಳಿದರು:
ಒಂದು ವಹಿ ಇಡಿ, ಸಿಸ್ಟರ್,
ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಬಿ.ಪಿ. ಎಷ್ಟೆಂದು.
ಏರಿದ ದಿನ ಯಾಕೆ ಏರಿತೆಂದು
ಪಕ್ಕದಲ್ಲಿ ಒಂದು ಮಾತು.

ಸೊಸೈಟಿಯವರು ಕೊಟ್ಟ ಹಳೇ ಡೈರಿ ಇತ್ತು.
ಅಡಿಪಟ್ಟಿ ಇಟ್ಟು ಗೆರೆ ಎಳೆದೆ:
ತಾರೀಖು, ಮೇಲಿನದು, ಕೆಳಗಿನದು,
ಕೊನೆಗೆ ಕೈ ತಾನಾಗಿ ಬರೆಯಿತು, ಷರಾ.

ಮೂವತ್ತಮೂರು ವರ್ಷ ಇದೇ ಗೆರೆ ಎಳೆದ ಕೈ.
ಮಂಜಗುಣಿಯ ಹೆರಿಗೆ ರಿಜಿಸ್ಟರು,
ಹೆಸರು, ಗಂಡನ ಹೆಸರು, ಎಷ್ಟನೆಯದು,
ಗಂಡೋ ಹೆಣ್ಣೋ, ತೂಕ.
ಷರಾ ಎಂಬುದು ಎರಡು ಬೆರಳಗಲ.
ಅದರೊಳಗೆ 'ಕ್ಷೇಮ' ಹಿಡಿಸುತ್ತಿತ್ತು.
ಅದಕ್ಕಿಂತ ದೊಡ್ಡದಾದರೆ
ಸಣ್ಣ ಅಕ್ಷರ ಮಾಡಬೇಕು.

ಮೊದಲ ವಾರ ಹಾಗೇ ಬರೆದೆ.
೧೪೮/೯೦. ಉಪ್ಪಿನಕಾಯಿ.
೧೩೬/೮೪. ಏನಿಲ್ಲ.
೧೫೨/೯೨. ತಂಗಿ ಜೊತೆ ಜಗಳ, ತಿಸರೆ ವಿಷಯಕ್ಕೆ
(ಮರಳು ಬಿಡಿಸದೆ ಬೇಯಿಸಿದ್ದಳು).
ಈ ಕಂಸ ಹಾಕಿದ್ದು ನಾನೇ?
ರಿಜಿಸ್ಟರಿನಲ್ಲಿ ಹಾಕಿದ್ದರೆ
ಕುಮಟೆಗೆ ಕರೆಸಿ ಕೇಳುತ್ತಿದ್ದರು.

ಮನೆಯಲ್ಲಿ ಆಡುವುದು ಕೊಂಕಣಿ,
ಕೈ ಕಲಿತದ್ದು ಕನ್ನಡ.
ಕೊಂಕಣಿಯಲ್ಲಿ ಕುದಿದ ಜಗಳ
ಕನ್ನಡಕ್ಕೆ ಇಳಿಯುವ ಹೊತ್ತಿಗೆ
ಅರ್ಧ ಆರಿರುತ್ತದೆ, ಬಟ್ಟಲಿಗೆ ಬಗ್ಗಿಸಿದ ಗಂಜಿಯ ಹಾಗೆ.
ಇದೂ ಒಂದು ಔಷಧವೋ ಏನೋ.
ಡಾಕ್ಟರರನ್ನು ಕೇಳಲಿಲ್ಲ.

ಆಗಸ್ಟ್ ಹತ್ತೊಂಬತ್ತು.
ಕಡಲು ಕಾಜುಬಾಗದ ಅಡಿಗೆಮನೆವರೆಗೂ ಕೇಳುತ್ತಿತ್ತು.
೧೬೮/೯೮.
ಉಪ್ಪಿಲ್ಲ, ಜಗಳವಿಲ್ಲ. ತಂಗಿ ಮಲಗಿದ್ದಾಳೆ.
ತಾರೀಖು ಮಾತ್ರ.

ಬುದ್ದಿ ಸೋಮಾ ಗೌಡ, ಎರಡನೆಯದು.
ಹೊಳೆಯಾಚೆ, ಗಂಗಾವಳಿ ಬದಿಗೆ.
ಅಲ್ಲಿಯ ಸಿಸ್ಟರು ರಜೆ, ನನ್ನನ್ನು ಕರೆದಿದ್ದರು.
ಹೊಳೆ ತುಂಬಿ ಕೆಂಪು. ತಾರಿ ಕಟ್ಟಿಹಾಕಿದ್ದಾರೆ.
ಕರೆಯಲು ಬಂದ ಹುಡುಗನ ಬಳಿ ಪುಟ್ಟ ದೋಣಿ ಇತ್ತು,
'ಬರ್ರಾ ಸಿಸ್ಟರಮ್ಮ, ನಾ ದಾಟಸ್ತೆ' ಅಂದ.
ಅದರಲ್ಲೇ ಬಂದಿದ್ದನಲ್ಲ, ಒದ್ದೆಯಾಗಿ.
ನಾನು ಗಾಳಿ ಇಳಿಯಲಿ ಅಂದೆ.
ಪೆಟ್ಟಿಗೆ ತೊಡೆಯ ಮೇಲಿಟ್ಟು
ಚಾದಂಗಡಿ ತಗಡಿನ ಕೆಳಗೆ ಕೂತೆ.
ಎರಡು ತಾಸು.

ರಿಜಿಸ್ಟರಿನಲ್ಲಿ: ಮೃತ ಜನನ. ಹೆಣ್ಣು. ಎರಡು ಕೇಜಿ ಎಂಟುನೂರು.
ಷರಾ: ತಡವಾಗಿ ಕರೆ ಬಂತು.

ದುಂಡಗಿನ ಅಕ್ಷರ. ಸರಿಯಾಗಿ ಹಿಡಿಸಿತ್ತು.
ಯಾರೂ ಕೇಳಲಿಲ್ಲ. ಬುದ್ದಿಗೆ ಓದಲು ಬರುತ್ತಿರಲಿಲ್ಲ.

ಕರೆ ಹೊತ್ತಿಗೆ ಸರಿಯಾಗಿ ಬಂದಿತ್ತು.
ನನಗೆ ಹೊಳೆಯೆಂದರೆ ಹೆದರಿಕೆ.
ಅಜ್ಜನ ಕಾಲದಿಂದ ದೋಣಿಯ ಹಿಂಬದಿ ನಿಂತು
ಚುಕ್ಕಾಣಿ ಹಿಡಿದವರ ಮನೆಯವಳು,
ಊರೆಲ್ಲ ತಾಂಡೇಲ ಸಿಸ್ಟರೆಂದೇ ಕರೆಯುತ್ತಿದ್ದರು.
ಹೆದರಿಕೆ ಎಂದು ಯಾರ ಹತ್ತಿರ ಹೇಳುವುದು?
ಬೇಗ ಹೋಗಿದ್ದರೂ ಉಳಿಯುತ್ತಿತ್ತೆಂದು ಗೊತ್ತಿಲ್ಲ.
ಗೊತ್ತಿಲ್ಲ ಎಂಬುದನ್ನೂ ಬರೆದೆ.
ಅಕ್ಷರ ಗೆರೆ ದಾಟಿ ಕೆಳಗಿನದರ ಮೇಲೆ,
ಮೇಲಿನದರ ಮೇಲೆ, ಇಪ್ಪತ್ತರ ಮೇಲೆ,
ಇಪ್ಪತ್ತೊಂದರ ಮೇಲೆ ಹೋಯಿತು.

ಬೆಳಿಗ್ಗೆ ೧೬೬/೯೮.
ಕಡಿಮೆಯಾದೀತೆಂದು ಯಾರೂ ಹೇಳಿರಲಿಲ್ಲ.
ಆದರೆ ಹಸಿವಾಗಿತ್ತು. ಎರಡು ದೋಸೆ ಹೆಚ್ಚಿಗೆ ತಿಂದೆ.

ಡಾಕ್ಟರರು ಪುಟ ಮಗುಚಿದರು,
ಅಂಕಿಗಳ ಮೇಲಷ್ಟೇ ಬೆರಳು ಓಡಿಸಿ
ಮಾತ್ರೆ ಬದಲಿಸಿದರು.
ಬದುಕಿದೆ ಅನಿಸಿತು.
ಮೆಟ್ಟಿಲಿಳಿಯುವಾಗ ಸ್ವಲ್ಪ ಸಿಟ್ಟೂ ಬಂತು.

ಪೇಟೆಯಲ್ಲಿ ಇನ್ನೂರು ಪುಟದ ವಹಿ ಕೇಳಿದೆ.
ಗೆರೆಯದೋ, ಖಾಲಿಯೋ?
ಮೊಮ್ಮಗನಿಗೋ ಅಂದ ಅಂಗಡಿಯವ.
ಮದುವೆಯೇ ಆಗಿಲ್ಲ ಮಾರಾಯಾ, ಖಾಲಿಯದು ಕೊಡು.

ಮೊದಲ ಪುಟ:
ಬಂಗಡೆ ನೂರಕ್ಕೆ ಆರು.
ಬುದ್ದಿಯ ಮೊದಲನೆಯವಳು ನನ್ನ ಕೈಯಲ್ಲೇ ಹುಟ್ಟಿದವಳು.
ಈಗ ಎಲ್ಲಿದ್ದಾಳೋ.
ಗಂಗಾವಳಿಗೆ ಸೇತುವೆ ಆಗಿದೆಯಂತೆ.
ನಡೆದೇ ದಾಟಬಹುದಂತೆ.