ಕದದ ಹಲಗೆ

ಝುವಾರಿನಗರದ ಕನ್ನಡ ಶಾಲೆ, ಹಿಂದಿನ ಕೋಣೆ.
ಶನಿವಾರದ ಮೂರನೇ ಪಿರಿಯಡ್ಡು.
ನನ್ನ ಪೇಟಿ, ಅದರ ಕಾಳಿ ಎರಡರ ಮೇಲೆ
ಇಪ್ಪತ್ತಾರು ವರ್ಷದ ಬೆರಳ ಗುಳಿ.

ಮಕ್ಕಳೆಲ್ಲ ಚಾಪೆಗೆ. ಮೌನೇಶ ಮಾತ್ರ ಕಿಟಕಿಗೆ,
ಅದಿರಿನ ಲಾರಿ ಎಣಿಸುತ್ತ.
ತಿಂಥಣಿಗೆ ಹರಕೆ ಹೊತ್ತು ಇಟ್ಟ ಹೆಸರು, ಬಾಯಾರ,
ಕಿವಿ ನೋಡಿ ಇಟ್ಟದ್ದಲ್ಲ
ಎಂದು ಅವನವ್ವ ಅಂದಾಗ
ನಾನು ನಗಬಾರದಿತ್ತು.

ಕಿವುಡನ ಮುಂದೆ ಶಂಖ ಯಾಕೆ ಊದೋದು?
ಸ್ಟಾಫ್ ರೂಮಿನಲ್ಲಿ ಹಾಗಂದವಳೂ ನಾನೇ,
ಚಹಾಕ್ಕೆ ಬಿಸ್ಕೀಟು ಅದ್ದುತ್ತ.
ಗಾದೆ ತಾನೇ, ನನ್ನ ಗಂಟೇನು ಹೋಯಿತು.

ಆಮೇಲೆ ಬಂದಳು ಬೆವಿಂದಾ,
ಮಾಂಗೋರ್ ಗುಡ್ಡದ ರೇಡಿಯೋ ರಿಪೇರಿಯವನ ಮಗಳು,
ಕಂಕುಳಲ್ಲಿ ಹಳೇ ಕದದ ಹಲಗೆ.
ಚಿಲಕದ ತೂತು ಹಾಗೇ ಇತ್ತು.
ಹಲಗೆಯಡಿಗೆ ಬಳೆಯಗಲದ ನಾಲ್ಕು ನಡುಗುಬಿಲ್ಲೆ,
ಅಲ್ಲಿಂದ ತಂತಿ, ಒಂದು ಆಂಪ್ಲಿಫೈಯರು,
ಕೊನೆಗೆ ತಂಬೂರಿ ಆ್ಯಪು ಹಾಕಿದ
ಗಾಜೊಡೆದ ಮೊಬೈಲು.

ಅಲ್ಫಿಯಾಳಿಗೆ ಬೇರೆ ಏರ್ಪಾಟು.
ಕೈ ಅವಳ ಮಾತು ಕೇಳುವುದಿಲ್ಲ, ಗದ್ದ ಕೇಳುತ್ತದೆ.
ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ
ಗದ್ದ ಎತ್ತಿದರೆ ಪ, ಇಳಿಸಿದರೆ ಸ.
ನಡುವಿನ ಗ ಸಿಗಲು ಮೂರು ವಾರ.
ಸಿಕ್ಕ ದಿನ ಬಿಡಲೇ ಇಲ್ಲ ಹುಡುಗಿ,
ಊಟದ ಗಂಟೆ ಹೊಡೆದರೂ ಗ, ಗ, ಗ,
ಅಡುಗೆಯ ಯಲ್ಲಮ್ಮ ಸೌಟು ಹಿಡಿದು ಬಂದು ಬೈಯುವ ತನಕ.
ನನಗೋ, ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು.
ಅದೇ ಗಾಂಧಾರಕ್ಕೆ ನನ್ನಪ್ಪ
ಎಷ್ಟು ಸಲ ಬೆರಳ ಗಿಣ್ಣಿಗೆ ಹೊಡೆದಿದ್ದ!

ಮೌನೇಶ ಮೊದಲ ದಿನ ಹಲಗೆ ಮುಟ್ಟಿ ಕೈ ಕಿತ್ತ,
ಶಾಕ್ ಹೊಡೆಯಿತೆಂದು.
ಮರುವಾರ ಬೆರಳ ತುದಿ, ಆಮೇಲೆ ಅಂಗೈ.
ನಾಲ್ಕನೇ ಶನಿವಾರ ಅಂಗಿ ಬಿಚ್ಚಿ ಬೋರಲು ಮಲಗಿದ,
ಎದೆ ಹಲಗೆಗೆ, ಕಣ್ಣು ಚಿಲಕದ ತೂತಿಗೆ.
ಲಾರಿಗಳು ಎಣಿಕೆಯಿಲ್ಲದೆ ಬಂದರಿಗೆ ಹೋದವು.

ಆಷಾಢದ ಒಂದು ದಿನ
ಪೇಟಿ ಮುಚ್ಚಿಟ್ಟು ಬರೀ ತಂಬೂರಿಗೆ ಹಾಡಿಸುತ್ತಿದ್ದೆ.
ನಲವತ್ತು ಗಂಟಲು, ನನ್ನ ಚಪ್ಪಾಳೆ.
ಕರೆಂಟು ಯಾವಾಗ ಹೋಯಿತೋ.
ಫ್ಯಾನು ಹೇಗೂ ಕೆಟ್ಟಿತ್ತು, ನಾವು ಹಾಡುತ್ತಲೇ ಇದ್ದೆವು,
ಏರುತ್ತ, ಏರುತ್ತ,
ಹಗ್ಗ ಹರಿದ ಕರುವಿನ ಹಾಗೆ.

ಮೌನೇಶ ಎದ್ದು ಕೂತ.
ಹಲಗೆ ಬಡಿದ. ನಮ್ಮ ಬಾಯಿಗಳನ್ನು ನೋಡಿದ,
ಒಂದೊಂದೇ, ಅನುಮಾನದಿಂದ.
ಎರಡೂ ಅಂಗೈ ಬಿಚ್ಚಿ ತೋರಿಸಿದ: ಇಲ್ಲ. ನಿಂತಿದೆ.
ಹಾಡು ನಿಲ್ಲಿಸಿ ಕಿವಿಗೊಟ್ಟೆ.
ಹೌದು, ಇರಲಿಲ್ಲ.

ಅವನು ಬಂದು ನನ್ನ ಗಂಟಲಿಗೆ ಕೈಯಿಟ್ಟ.
ಸಾ ಹಿಡಿದೆ. ತಲೆ ಅಲ್ಲಾಡಿಸಿದ.
ಇಳಿಸಿದೆ. ಮತ್ತೂ ಒಂದೆಳೆ ಇಳಿಸಿದೆ.
ಆಗ ತಲೆ ಅಲ್ಲಾಡಲಿಲ್ಲ, ಕೈಯೂ ತೆಗೆಯಲಿಲ್ಲ.
ನನಗೆ ಉಸಿರು ಮುಗಿಯಿತು,
ಅಲ್ಫಿಯಾಳ ಗದ್ದ ಇಳಿದು ಮುಂದಿನದು ಹಿಡಿಯಿತು,
ಬ್ಯಾಟರಿಯಿದ್ದ ಲ್ಯಾಪ್‌ಟಾಪಿನಿಂದ, ಸಣ್ಣಗೆ.

ಕರೆಂಟು ಬಂದಾಗ ಹಲಗೆ ಗುರ್ ಎಂದಿತು,
ಅವನು ಓಡಿದ, ಹಿಂದೆ ನೋಡಲೂ ಇಲ್ಲ.

ಸಂಜೆ ಬೆವಿಂದಾಳಿಗೆ ಫೋನು ಹಚ್ಚಿದೆ:
ಹಲಗೆಗೂ ಒಂದು ಬ್ಯಾಟರಿ ಕೂರಿಸಲು
ಎಷ್ಟಾಗುತ್ತದೆ ಮಗಳೇ?