ಕಣ್ಣೆಣಿಕೆ

ಹಿಟ್ಟು ಹುಳಿಯಲು ಮೂರು ದಿನ ಬೇಕು.
ಬೆಲೆಗೆ ಒಂದು ರಾತ್ರಿ ಸಾಕು.

ಅಸ್ನಕೆಚ್ ಮುಚ್ಚಳ ತೆಗೆದು ಮೂಸುತ್ತಾಳೆ:
ಇನ್ನೂ ಬಂದಿಲ್ಲ, ಇನ್ನೊಂದು ಹಗಲು ಹಿಡಿದೀತು.
ಆಡಿಸ್ ಅಬಾಬದ ರೇಡಿಯೊದವನಿಗೆ ಅವಸರ.
ದೇಶ ಹೋದ ವರ್ಷಕ್ಕಿಂತ ಇಷ್ಟು ಬೆಳೆದಿದೆ,
ಬರುವ ವರ್ಷ ಇನ್ನಷ್ಟು ಬೆಳೆಯುತ್ತದೆ ಅನ್ನುತ್ತಾನೆ
ಸೋದರಳಿಯನ ಎತ್ತರ ಹೇಳುವ ಹಾಗೆ.
ಬೆಳೆದಿರಬಹುದು. ಅವಳ ಕಿಟಕಿಯೇ ಸಾಕ್ಷಿ:
ಮೊನ್ನೆ ಮೊನ್ನೆ ಅಲ್ಲಿ ಎಂತೊತೊ ಬೆಟ್ಟ ಕಾಣುತ್ತಿತ್ತು,
ಈಗ ಇಪ್ಪತ್ತೆರಡು ಮಹಡಿ, ಹಸಿರು ಪರದೆ,
ತುದಿಯಲ್ಲಿ ಕ್ರೇನಿನ ಉದ್ದ ಕೈ
ಏನನ್ನೋ ಕಳೆದುಕೊಂಡಂತೆ ತಿರುಗುತ್ತದೆ.

ಎಹಿಲ್ ಬೆರೆಂದ, ಕಾಳಿನ ಜಗಲಿ.
ಗೊಜ್ಜಾಮಿನಲ್ಲಿ ಟೆಫ್ ಬೆಳೆ ಚೆನ್ನಾಗಿದೆಯಂತೆ.
ಬೆಲೆ ಮಾತ್ರ ಲಾರಿಗಿಂತ ಮೊದಲೇ ಬಂದು ಇಳಿದಿದೆ.
ರಾಗಿಗಿಂತ ಸಣ್ಣ ಕಾಳು, ಬಿದ್ದರೆ ಸಿಗುವುದಿಲ್ಲ;
ಆದರೂ ದಾರಿಯುದ್ದಕ್ಕೂ
ಎಷ್ಟು ಕೈ ಅದನ್ನು ಹಿಡಿದುಕೊಂಡಿವೆ!
ದಲ್ಲಾಳಿ ಗೆಟಾಹುನ್ ಮಾತ್ರ ಮುಟ್ಟುವುದೇ ಇಲ್ಲ.
ಅವನ ಕೋಟಿನ ಮೇಲೆ ಧೂಳಿಲ್ಲ,
ಧೂಳೆಲ್ಲ ಮೂಟೆ ಹೊರುವವರ ರೆಪ್ಪೆಯ ಮೇಲೆ.
“ನಿನ್ನೆಯ ಬೆಲೆ ಹೇಳಬೇಡಮ್ಮ,
ನಿನ್ನೆಯ ಬಸ್ಸು ಹತ್ತುತ್ತೀಯಾ?”
ಅವಳು ಬಿಳಿ ಟೆಫ್ ಚೀಲದ ಮುಂದೆ ನಿಂತಳು,
ಕೆಂಪು ಟೆಫ್ ಚೀಲಕ್ಕೆ ಸರಿದಳು,
ಕೊನೆಗೆ ಅರ್ಧ ಕೆಂಪು, ಕಾಲು ಜೋಳ,
ಕಾಲು ಅಕ್ಕಿ ಹಿಟ್ಟು ಕಟ್ಟಿಸಿಕೊಂಡು
ಯಾರೂ ನೋಡಲಿಲ್ಲವೆಂಬಂತೆ ನಡೆದಳು.
ಎಲ್ಲರ ಚೀಲದಲ್ಲೂ ಅದೇ ಇತ್ತು.

ಸಹಕಾರಿ ಅಂಗಡಿಯಲ್ಲಿ ಕೂಪನ್ನಿನ ಎಣ್ಣೆ.
ಅವಳದು ಇನ್ನೂರ ಹದಿನಾಲ್ಕು.
ನೂರ ತೊಂಬತ್ತಕ್ಕೆ ಮುಗಿಯಿತು.
ಎಳೆದ ಶಟರಿನೊಳಗೆ ಇನ್ನೂ ಡಬ್ಬಿ ಸರಿಸುವ ಸದ್ದು.
“ಇಲಿಗಳು,” ಎಂದ ಮುಂದಿದ್ದ ಮುದುಕ,
“ಅವಕ್ಕೂ ಕೂಪನ್ನುಂಟು. ನಂಬರು ನಮಗಿಂತ ಮೊದಲಿನದು.”

ಬ್ರೆಡ್ಡಿನವನು ಉಂಡೆ ಸಣ್ಣದು ಮಾಡಿದ,
ಚಹಾದವನು ಲೋಟ ಬದಲಿಸಿದ.
ಇಂಜೆರಾದ ಮಣ್ಣಿನ ಕಾವಲಿ ಮಾತ್ರ
ಅವಳ ತಾಯಿಯ ಕಾಲದಷ್ಟೇ ಅಗಲ.
ಅದು ಕುಗ್ಗುವುದಿಲ್ಲ; ತೆಳುವಾಗಬೇಕಾದದ್ದು ಹಿಟ್ಟು.
ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುವಾಗ
ಮಣಿಕಟ್ಟು ಕೂದಲೆಳೆಯಷ್ಟು ಬೇಗ ಓಡುತ್ತದೆ.
ಅಷ್ಟೇ.
ಒಳ್ಳೆಯ ಇಂಜೆರಾಕ್ಕೆ ಮೈಯೆಲ್ಲ ಕಣ್ಣು.
ಈಚೆಗೆ ಆ ಕಣ್ಣುಗಳು ಅವಳನ್ನೇ ನೋಡುತ್ತವೆ.

ಮಧ್ಯಾಹ್ನ ಹನ್ನೆರಡನೇ ಮಹಡಿಯಿಂದಿಳಿದು
ಕಬ್ಬಿಣ ಕಟ್ಟುವ ವೊಂದಿಮು ಒಂದನ್ನೆತ್ತಿ
ಬಿಸಿಲಿಗೆ ಹಿಡಿದ.
ಆಚೆ ಅವನೇ ಕಟ್ಟುತ್ತಿರುವ ಕಟ್ಟಡ ಕಂಡಿತು.
ಏನೂ ಅನ್ನಲಿಲ್ಲ. ದಿನಾ ಮೂರು ಕೊಳ್ಳುವವನು
ಇವತ್ತೂ ಮೂರೇ ಕೊಂಡ.
ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮಗಳು ಮಿಹ್ರೆತ್ ಶೇಕಡಾ ಲೆಕ್ಕ ಕಲಿಯುತ್ತಿದ್ದಳು.
“ಬೆಲೆ ಹಾಗೇ ಇದ್ದು ತೂಕ ಇಳಿದರೂ
ಬೆಲೆ ಏರಿದ ಹಾಗೇ ಅಮ್ಮ, ಪುಸ್ತಕದಲ್ಲಿದೆ.”
“ನಿನ್ನ ಪುಸ್ತಕದಲ್ಲಿ
ನನ್ನ ಮಣಿಕಟ್ಟು ಎಲ್ಲಿ ಬರುತ್ತದೆ?”
ಹುಡುಗಿ ಪೆನ್ಸಿಲಿನ ಹಿಂಬದಿ ಕಚ್ಚಿದಳು.

ಅಷ್ಟರಲ್ಲಿ ಕರೆಂಟು ಹೋಯಿತು.
ಕಾವಲಿಯ ಮೇಲೆ ಅರ್ಧ ಬೆಂದದ್ದು:
ಒಂದು ಬದಿ ಕಣ್ಣು ಬಿಟ್ಟಿದೆ, ಇನ್ನೊಂದು ಬದಿ ಮುಚ್ಚಿದೆ.
ಎದುರಿನ ಕಟ್ಟಡಕ್ಕೆ ಜನರೇಟರು,
ಕ್ರೇನಿನ ತುದಿಗೆ ಕೆಂಪು ದೀಪ,
ವಿಮಾನಗಳು ಡಿಕ್ಕಿ ಹೊಡೆಯದಿರಲೆಂದು.

ಇದನ್ನಂತೂ ಮಾರುವಂತಿಲ್ಲ.
ಕತ್ತಲಲ್ಲಿ ಇಬ್ಬರೂ ಅದನ್ನೇ ಹರಿದುಕೊಂಡು
ಮೆಣಸಿನ ಪುಡಿಗೆ ಅದ್ದಿದರು.
ಮೂಲೆಯ ಡಬ್ಬಿಯಲ್ಲಿ ನಾಳೆಯ ಹಿಟ್ಟು
ಗುಳುಕ್ ಗುಳುಕ್ ಅನ್ನುತ್ತಿತ್ತು.
ಮಿಹ್ರೆತ್ ಬೆರಳಲ್ಲಿ ತಡವುತ್ತಿದ್ದಳು:
ನಲವತ್ತೊಂದು, ನಲವತ್ತೆರಡು…
“ತಿನ್ನು, ಎಣಿಸಬೇಡ.”
“ಎಣಿಸಿ ತಿಂದರೆ ಜಾಸ್ತಿ ಅನ್ನಿಸುತ್ತೆ.”

ಸ್ವಲ್ಪ ಹೊತ್ತು ಮಾತಿಲ್ಲ.
“ಹಾಗಿದ್ದರೆ ತಗೋ,
ನನ್ನದನ್ನೂ ಎಣಿಸು.”