ಒಂದು ತುದಿ ನೆಲಕ್ಕ

ಬೆಳ್ಳಿ ಬ್ಯಾಡ ಅಂದೆ.
ಸರಾಫರ ಓಣಿಯ ಬೆಳ್ಳಿ ಕಾಲುಂಗುರಕ್ಕಿರಲಿ,
ಹಾಡಿಗೆ ತಾಮ್ರ ಸಾಕು.
ಶರಣಬಸು ಮೂರು ದಿನ ಒಪ್ಪಲಿಲ್ಲ.
ನಾಲ್ಕನೇ ದಿನ ದರ ಕೇಳಿಕೊಂಡು ಬಂದು
ಸುಮ್ಮನ ಕತ್ತರಿ ಎತ್ತಿಕೊಂಡ.

ತಾಮ್ರ ಸಿಕ್ಕದ್ದು ಕಾಸೀಮಭಾಯಿ ಭಂಗಾರದಾಗ,
ಬಾಗಿಲು ಹಾಕಿದ ಯಾವುದೋ ಮಿಲ್ಲಿನ
ಮೋಟರಿನ ಹೊಟ್ಟಿ ಬಗೆದು ತೆಗೆದದ್ದು,
ಮೈಮ್ಯಾಲೆ ಇನ್ನೂ ಕಂದು ವಾರ್ನಿಶ್.
ತಕ್ಕಡಿಗೆ ಹಾಕುತ್ತ ಮುದುಕ ಅಂದ:
"ಇಪ್ಪತ್ತು ವರ್ಷ ಮಂದೀನ ತಿರುಗಿಸೇದ ಇದು,
ಈಗ ಕುಂತು ಹಾಡಲಿ, ಒಯ್ಯವ್ವ."

ಹೊದಿಕಿಗೆ ಏನು?
ಪ್ಲಾಸ್ಟಿಕ್ಕು ಧ್ವನಿ ಕುಡೀತದಂತ, ಇವನ ಮಾತು.
ಟೆಫ್ಲಾನ್ ಚಲೋ, ನವೀ ಪೇಠದಾಗ ಮೀಟರಿಗೆ ನಲವತ್ತು.
ನಾನು ಹಗಲೆಲ್ಲ ಕಂಡಿಕಿ ಸುತ್ತಾಕಿ.
ಗಾಳಿ ಹಿಡಿದ ಹತ್ತಿ ನೂಲಿಗಿಂತ ಹಗುರ ಹೊದಿಕಿ
ಈ ಸೊಲ್ಲಾಪುರದಾಗ ಯಾರು ಮಾರತಾರ?
ಒಂದು ತಂತಿಗೆ ಬಿಳಿ ಸುತ್ತಿದೆ, ಒಂದಕ್ಕ ಚಾದರದ ಕೆಂಪು,
ಎರಡನ್ನೂ ಕೂಡಿಸಿ ಹೊಸೆದೆ,
ಬೆರಳಗಲಕ್ಕೊಂದು ತಿರುವು.
"ಒಂದು ತಿರುವಿನಾಗ ಹೊಕ್ಕ ಗದ್ದಲ
ಮುಂದಿನ ತಿರುವಿನಾಗ ಅಳೀತದ" ಅಂದ.
ಅತ್ತಿಗಿ ಜಗಳ ಹಂಗ ಅಳೀಲಿಲ್ಲಲ್ಲ, ಅಂದೆ.

ಇನ್ನ ಕವಚ.
ಓಣಿಯೊಳಗ ಅರವತ್ತು ಮಗ್ಗ.
ಕಿವಿಗೆ ಕೇಳೂದೊಂದು, ತಂತಿಗೆ ಕೇಳೂದು ಇನ್ನೊಂದು:
ಮೋಟರು, ಟ್ಯೂಬಿನ ಚೋಕು, ಕಂಬದ ಮ್ಯಾಲಿನ ಕರೆಂಟು,
ಎಲ್ಲಾ ಒಂದೇ ಗುಂಯ್.
ರೆಕಾರ್ಡಿನ ಮುಳ್ಳು ಎತ್ತೂದು ಇರುವಿ ಹೊರೋವಷ್ಟು,
ಅದರ ಬೆನ್ನ ಮ್ಯಾಲೆ ಇವೆಲ್ಲ ಬಂದು ಕೂಡತಾವ.
ಚಪಾತಿ ಕಟ್ಟೋ ಬೆಳ್ಳಿಹಾಳಿ ಸುತ್ತಿ ನೋಡಿದ್ವಿ.
ಬಗ್ಗಿಸಿದರ ಹರೀತು. ಬೆಸುಗಿ ಹಿಡೀಲಿಲ್ಲ.
ಮುಟ್ಟಿದರ ಚರ್ ಚರ್.
ಹಳೇ ಟಿ.ವಿ. ಕೇಬಲ್ ಸೀಳಿ ಇವ ಒಳಗಿನ ಜಾಳಿಗಿ ಎಳೆದ,
ಹಾವಿನ ಪೊರಿ ಹಂಗ ಬಂತು.
ದೀಪಕ್ಕ ಹಿಡಿದೆ: ತೂತು. ಮತ್ತ ತೂತು.
ನಮ್ಮ ಸೇಠ ಗಡ್ಡಂ ನರಸಯ್ಯ ಕಂಡಿದ್ದರ
ಥಾನಿಗೆ ಥಾನೇ ವಾಪಸ್ ಒಗೀತಿದ್ದ.
ಬಿಚ್ಚಿದೆ. ಎಳಿ ಎಣಿಸಿ ಮತ್ತ ಹೆಣೆದೆ,
ಎರಡು ರಾತ್ರಿ,
ಮಗಳ ಜಡಿಗೆ ಹಾಕೂದಕ್ಕಿಂತ ತುಸು ಬಿಗಿ.
(ಅಕಿ ಆಗಲೇ ಚೀರತಾಳ. ತಾಮ್ರ ಚೀರೂದಿಲ್ಲ.)

ತಪ್ಪಾದದ್ದು ಕಟ್ಟಕಡೀಗೆ.
ಕವಚದ ಎರಡೂ ತುದಿ ಎರಡೂ ಪಿನ್ನಿಗೆ ಬೆಸೆದಿದ್ದ ಇವ.
ಹಚ್ಚಿದ ಕೂಡಲೇ ಮೊದಲಿಗಿಂತ ದೊಡ್ಡ ಗುಂಯ್.
ಕಾಯಾಕ ನಿಲ್ಲಿಸಿದ್ದೇ ಕೂಗಾಕ ಹತ್ತಿತ್ತು.
ಇವ ಪುಸ್ತಕ ತಿರುವಿದ, ನಾನು ಚಾ ಇಟ್ಟೆ.
ಕಾಸೀಮಭಾಯಿ ಮೊಮ್ಮಗ, ಮೈಕ್‌ಸೆಟ್ಟಿನ ಯೂಸುಫ,
ಹೊಸಲಿನ ಮ್ಯಾಲೆ ನಿಂತು, ಮರಾಠಿ ಹಿಂದಿ ಕನ್ನಡ
ಯಾವುದಕ್ಕೂ ಜಾಸ್ತಿ ಕಮ್ಮಿ ಮಾಡದ ಅಂದ:
"ಭಾಭಿ, ಒಂದು ತುದಿ ನೆಲಕ್ಕ ಕಟ್ಟು, ಇನ್ನೊಂದ ಬಿಟ್ಟಬಿಡು.
ಎರಡೂ ಕಡೆ ಕಟ್ಟಿದ್ದು ಗಾಣದ ಎತ್ತಿನಂಗ ಸುತ್ತತದ."
ಕತ್ತರಿಸಿದೆ.
ಬಿಟ್ಟ ತುದೀಗೆ ನೂಲು ಸುತ್ತಿದೆ,
ಹೆಚ್ಚಿಕೊಂಡ ಬೆರಳಿಗೆ ಸುತ್ತಿದಂಗ.

ಮುಳ್ಳು ಇಟ್ಟ.
ತಂತಿಯೊಳಗ ಏನೂ ಇಲ್ಲ.
ಇಷ್ಟೊಂದು ಏನೂ ಇಲ್ಲದ್ದನ್ನ
ಹುಟ್ಟಿದಾಗಿಂದ ನಾನು ಕೇಳಿರಲಿಲ್ಲ.
ಆಮ್ಯಾಲೆ ಸಾರಂಗಿ, ಬಿಲ್ಲಿನ ರೋಮ ತಂತಿಗೆ ತಾಗೂದು ಸುದ್ದಾ.
ಆಮ್ಯಾಲೆ, ಅದರ ಹಿಂದ,
ಖಟ್ ಖಟಾ ಖಟ್ ಖಟಾ.

ಇವ ಪಿನ್ನು ಅಲುಗಿಸಿದ. ಬೆಸುಗಿ ಮೂಸಿದ.
ಮಾರಿ ಸಣ್ಣದಾತು.
ನಾನು ಕಿಟಕಿ ತೋರಿಸಿದೆ.
ನರಸಯ್ಯನ ರಾತ್ರಿ ಪಾಳಿ.

ಮುಚ್ಚಲೇನು, ಅಂದ.
ಸೆಖಿ ಅದ, ಇರಲಿ, ಅಂದೆ,
ಏಳನೇ ಮಗ್ಗ ಲಯ ತಪ್ಪೇದ, ಕೇಳಿಸ್ತೇನು?